ಗೀರು ಕಾಣದ ಕಪ್ಪು

ಮಾಜಾಳಿ
೨೨ ಏಪ್ರಿಲ್ ೨೦೨೫

ಅಣ್ಣನಿಗೆ ಸುಗಂಧಾಳ ನಮಸ್ಕಾರ.

ಮೊನ್ನೆ ಭಾನುವಾರ ಮೂರು ಸಲ ಫೋನು ಮಾಡಿದೆ. ಮೂರು ಸಲವೂ ನೀನು ಎತ್ತಿ, "ಯಾರದು? ಜೋರಾಗಿ ಹೇಳಿ, ಇಲ್ಲಿ ಕಂಪ್ರೆಸರ್ ನಡೀತಾ ಉಂಟು" ಎಂದು ಕೂಗಿ ಇಟ್ಟುಬಿಟ್ಟೆ. ಭಾನುವಾರ ನಿನ್ನ ಗ್ಯಾರೇಜಿನಲ್ಲಿ ಕಂಪ್ರೆಸರ್ ನಡೆಯುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ? ಮೂವತ್ತೈದು ವರ್ಷ ಆ ಮೆಷಿನ್ನಿನ ಪಕ್ಕ ನಿಂತು ಗಾಡಿಗಳಿಗೆ ಬಣ್ಣ ಹೊಡೆದು ನಿನ್ನ ಕಿವಿ ಹೋಗಿದೆ. ಇಡೀ ಶೆಟಗೇರಿಗೆ ಗೊತ್ತಿರುವ ಸಂಗತಿ ನಿನಗೊಬ್ಬನಿಗೆ ಗೊತ್ತಿಲ್ಲ. ಮೊಬೈಲಿನಲ್ಲಿ ಬರೆದು ಕಳಿಸಿದರೆ ಅಕ್ಷರ ಸಣ್ಣದು ಎನ್ನುತ್ತೀ. ಆದ್ದರಿಂದ ಈ ಕಾಗದ. ನಮ್ಮೂರಿನ ಆಶಿಷ ಈಗ ಕಾರವಾರ–ಅಂಕೋಲೆ ಬಸ್ಸಿನ ಕಂಡಕ್ಟರ್. ಅವನೇ ತಂದು ಕೊಡುತ್ತಾನೆ, ಉತ್ತರ ಬರೆದು ಅವನ ಕೈಯಲ್ಲೇ ಕೊಡು.

ಬಣ್ಣ ಹೊಡೆಸಲು ಕಳಿಸಿದ ನಮ್ಮ ಕಾರು ಶುಕ್ರವಾರ ನಿನ್ನಲ್ಲಿ ಬಂದು ಮುಟ್ಟಿರಬೇಕು. ಟಾಪಿನ ಬಣ್ಣ ಹೇಗೆ ಎದ್ದಿದೆ ಎಂದು ನೋಡಿರುತ್ತೀ. ಇವರು ಗೋವಾದ ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗುವುದಕ್ಕೆ ಶುರು ಮಾಡಿದ ಮೇಲೆ ಎರಡು ವರ್ಷ ಅದು ಅಂಗಳದಲ್ಲೇ ನಿಂತು ಸಮುದ್ರದ ಗಾಳಿ ತಿಂದಿದೆ.

ನನಗೆ ಫೆಬ್ರುವರಿಯಲ್ಲಿ ಲೈಸೆನ್ಸ್ ಸಿಕ್ಕಿದೆ. ಶಾಲೆ ಶುರುವಾಗುವುದು ೨೯ ಮೇ. ಅವತ್ತಿನಿಂದ ನಾನೇ ಗಾಡಿ ಓಡಿಸಿಕೊಂಡು ಅಮದಳ್ಳಿ ಶಾಲೆಗೆ ಹೋಗುವವಳು. ಹನ್ನೊಂದು ವರ್ಷ ಮಾಜಾಳಿಯಿಂದ ಕಾರವಾರಕ್ಕೆ ಒಂದು ಬಸ್ಸು, ಕಾರವಾರದಿಂದ ಅಮದಳ್ಳಿಗೆ ಇನ್ನೊಂದು ಬಸ್ಸು ಹಿಡಿದು ಸಾಕಾಗಿದೆ. ಐವತ್ತು ದಾಟಿದ ಮೇಲೂ ಬಸ್ಸಿನ ಹಿಂದೆ ಓಡಬೇಕೇ?

ಬಣ್ಣ ಕಪ್ಪೇ ಇರಲಿ. ಆದರೆ ಮೆಟಾಲಿಕ್ ಕಪ್ಪು ಹೊಡೆ. ಈಗೆಲ್ಲ ಅದೇ ಚೆಂದ ಕಾಣುತ್ತದೆ.

ನಿನ್ನ ತಂಗಿ
ಸುಗಂಧಾ


ಶೆಟಗೇರಿ
೨೫ ಏಪ್ರಿಲ್ ೨೦೨೫

ತಂಗಿ ಸುಗಂಧಾಗೆ,

ಕಾಗದ ಸಿಕ್ಕಿತು. ನನ್ನ ಕಿವಿ ಸರಿ ಇದೆ. ನಿಮ್ಮ ಮಾಜಾಳಿಯಲ್ಲಿ ನೆಟ್‌ವರ್ಕ್ ಸರಿ ಇಲ್ಲ.

ಗಾಡಿ ನೋಡಿದೆ. ಟಾಪು ಹೋಗಿದೆ, ಬಾನೆಟ್ ಅರ್ಧ ಹೋಗಿದೆ, ಬಾಗಿಲ ಕೆಳಗೆ ತುಕ್ಕು. ಎಲ್ಲ ಕೆರೆದು ಪೂರ್ತಿ ಹೊಡೆಯಬೇಕು. ಮೆಟಾಲಿಕ್ ಬೇಡ. ಆ ಗಾಡಿ ಫ್ಯಾಕ್ಟರಿಯಿಂದ ಬರುವಾಗಲೇ ಸಾಲಿಡ್ ಕಪ್ಪು, ಹಾಗೇ ಇರಲಿ. ಸಾಲಿಡ್ ಎಂದರೆ ಬರೀ ಬಣ್ಣ, ಮೇಲಿನಿಂದ ತಳದವರೆಗೆ ಒಂದೇ ಕಪ್ಪು. ಮೆಟಾಲಿಕ್‌ನಲ್ಲಿ ಬಣ್ಣದ ಒಳಗೆ ಅಲ್ಯುಮಿನಿಯಂ ಪುಡಿ ಇರುತ್ತದೆ, ಅದರ ಮೇಲೆ ಗಾಜಿನಂತಹ ಕ್ಲಿಯರ್ ಒಂದು ಪದರ ಹಾಕಬೇಕು. ನಿಮ್ಮ ಸಮುದ್ರದ ಗಾಳಿಗೆ ಆ ಕ್ಲಿಯರ್ ಮೂರು ವರ್ಷದಲ್ಲಿ ಸಿಪ್ಪೆ ಏಳುತ್ತದೆ. ಆಮೇಲೆ ಹಾವಿನ ಪೊರೆ ಹೊತ್ತುಕೊಂಡು ತಿರುಗುತ್ತೀಯಾ?

ಇದು ನಿನ್ನ ತಲೆಯಿಂದ ಬಂದ ಮಾತಲ್ಲ. ಭಾವ ಹೇಳಿರಬೇಕು. ಮೆಟಾಲಿಕ್ ಆದರೆ ಗಿರಾಕಿ ಬೇಗ ಸಿಗುತ್ತಾನೆ ಎಂದು ಗೋವಾದಲ್ಲಿ ಯಾರೋ ಕಿವಿ ಊದಿದ್ದಾರೆ. ಗಾಡಿ ಮಾರುವ ಯೋಚನೆ ಇದ್ದರೆ ನೇರವಾಗಿ ಹೇಳಿ. ಎಂಟು ವರ್ಷದ ಹಿಂದೆ ಕುಮಟೆಯಿಂದ ಆ ಗಾಡಿ ಹುಡುಕಿ ಕೊಡಿಸಿದವನು ನಾನು. ಮಾರುವುದಕ್ಕೆ ಸಿಂಗಾರ ಮಾಡಿಕೊಡಲು ನನ್ನಿಂದ ಆಗದು.

ನೀನು ಓಡಿಸುವ ವಿಷಯ ಓದಿದೆ. ಓಡಿಸು. ಹೆದ್ದಾರಿಯಲ್ಲಿ ಲಾರಿಗಳಿವೆ, ನೋಡಿಕೊಂಡು ಓಡಿಸು.

ನಾಗು


ಮಾಜಾಳಿ
೨೯ ಏಪ್ರಿಲ್ ೨೦೨೫

ಅಣ್ಣನಿಗೆ,

ಮೂರು ವಾಕ್ಯದಲ್ಲಿ ಕೇಳಿದ್ದಕ್ಕೆ ನೀನು ಎರಡು ಪುಟ ತುಂಬ ಬೇಡ ಎಂದು ಬರೆದಿದ್ದೀ. ನಿನ್ನ ಭಾವನಿಗೆ ಮೆಟಾಲಿಕ್ ಎಂದರೆ ಏನು ಎಂಬುದೇ ಗೊತ್ತಿಲ್ಲ. ಅವರಿಗೆ ಗಾಡಿಯ ವಿಷಯದಲ್ಲಿ ಗೊತ್ತಿರುವುದು ಭಾನುವಾರ ಬೆಳಿಗ್ಗೆ ನೀರು ಹಾಕಿ ತೊಳೆಯುವುದು, ತೊಳೆದ ಮೇಲೆ ಸುತ್ತ ತಿರುಗಿ ನೋಡುವುದು. ಮೆಟಾಲಿಕ್ ಬೇಕಾಗಿರುವುದು ನನಗೆ. ಧೂಳು ಕಾಣುವುದಿಲ್ಲ, ಸಣ್ಣಪುಟ್ಟ ಗೆರೆ ಕಾಣುವುದಿಲ್ಲ ಎಂದು ಡ್ರೈವಿಂಗ್ ಶಾಲೆಯ ಮನಿಷಾ ಹೇಳಿದಳು. ಇಷ್ಟು ಸಾಲದೇ? ಊರಿನ ಜನಕ್ಕೆಲ್ಲ ಅವರು ಕೇಳಿದ ಬಣ್ಣ ಹೊಡೆದು ಕೊಡುವ ನೀನು ತಂಗಿಗೆ ಮಾತ್ರ ಪಾಠ ಮಾಡುವುದು ಏಕೆ?

ಬೇಕಾದರೆ ಎರಡೂ ಬಣ್ಣ ಎರಡು ತಗಡಿಗೆ ಹೊಡೆದು ಕಳಿಸು. ಹಿಂದೆ ಗಿರಾಕಿಗಳಿಗೆ ಹಾಗೆ ಮಾಡಿ ಕೊಡುತ್ತಿದ್ದೆಯಲ್ಲ. ನಾನೇ ನೋಡಿ ಹೇಳುತ್ತೇನೆ.

ಇನ್ನೊಂದು. ನಿನ್ನ ಅಕ್ಷರಕ್ಕೆ ಏನಾಗಿದೆ? ಸಾಲುಗಳು ಗುಡ್ಡ ಹತ್ತುತ್ತಿವೆ, ಒತ್ತಕ್ಷರಗಳು ಎಲ್ಲೋ ಬಿದ್ದಿವೆ. ನನ್ನ ಮೂರನೇ ಈಯತ್ತೆಯ ಮಕ್ಕಳು ಹೀಗೆ ಬರೆದರೆ ಹತ್ತು ಸಲ ತಿದ್ದಿಸುತ್ತೇನೆ.

ಸುಗಂಧಾ


ಶೆಟಗೇರಿ
೬ ಮೇ ೨೦೨೫

ಸುಗಂಧಾಗೆ,

ತಗಡು ಎರಡು ಕಳಿಸಿದ್ದೇನೆ. ಒಂದು ತೂತು ಇರುವುದು ಸಾಲಿಡ್, ಎರಡು ತೂತು ಇರುವುದು ಮೆಟಾಲಿಕ್. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ಮೂರು ಹೆಜ್ಜೆ ಹಿಂದೆ ಸರಿದು ನೋಡಬೇಕು. ಕೈಯಲ್ಲಿ ಹಿಡಿದು ನೋಡಬೇಡ. ಮಲಗಿಸಿ ನೋಡಬೇಡ. ಟ್ಯೂಬ್‌ಲೈಟಿನಲ್ಲಿ ನೋಡಬೇಡ.

ಪೆನ್ನು ಸರಿ ಇಲ್ಲ. ಅದಕ್ಕೇ ಅಕ್ಷರ ಹಾಗೆ.

ನಾಗು


ಮಾಜಾಳಿ
೮ ಮೇ ೨೦೨೫

ಅಣ್ಣಾ,

ಆಶಿಷ ತಂದು ಕೊಡುವಾಗ ಸಂಜೆ ಏಳು ಗಂಟೆ. ಟ್ಯೂಬ್‌ಲೈಟಿನಲ್ಲೇ ನೋಡಿದೆ, ಬೈಯಬೇಡ. ಎರಡೂ ಒಂದೇ ಕಪ್ಪು. ಇದಕ್ಕಾಗಿಯೇ ಇಬ್ಬರೂ ಹದಿನೈದು ದಿನದಿಂದ ಜಗಳ ಆಡುತ್ತಿದ್ದೇವೆಯೇ ಎಂದು ನಗು ಬಂತು. ನಿನ್ನೆ ಬೆಳಿಗ್ಗೆ ಮೋಡ. ಇವತ್ತು ಬಿಸಿಲು ಬಂತು, ನೀನು ಹೇಳಿದಂತೆ ಬಾವಿಕಟ್ಟೆಗೆ ಒರಗಿಸಿ ಮೂರು ಹೆಜ್ಜೆ ಎಣಿಸಿ ನಿಂತು ನೋಡಿದೆ.

ಸಾಲಿಡ್‌ನಲ್ಲಿ ನನ್ನ ಮುಖ ಕಂಡಿತು. ಮುಖದ ಜತೆ ಹಿಂದಿನ ತೆಂಗಿನ ಮರ, ನಾನು ಬೆರಳಿಟ್ಟ ಕಲೆ, ಧೂಳಿನ ಕಣ, ಎಲ್ಲವೂ ಕಂಡವು. ಅದು ಏನನ್ನೂ ಮುಚ್ಚಿಟ್ಟುಕೊಳ್ಳುವ ಬಣ್ಣವಲ್ಲ. ಎರಡು ತೂತಿನದು ಹಾಗಲ್ಲ, ಬೆಳಕನ್ನು ಚದುರಿಸುತ್ತದೆ, ಅದರಲ್ಲಿ ಏನೂ ನಿಚ್ಚಳವಾಗಿ ಕಾಣುವುದಿಲ್ಲ. ನನಗೆ ಅದೇ ಬೇಕು.

ಒಂದು ಮಾತು ಕೇಳಬೇಕು. ಮೆಟಾಲಿಕ್ ತಗಡಿನಲ್ಲಿ ಅಡ್ಡಡ್ಡ ಪಟ್ಟೆಗಳಿವೆ, ಒಂದು ಕಡೆ ಗಾಢ, ಒಂದು ಕಡೆ ತಿಳಿ. ಇಡೀ ಗಾಡಿಯೂ ಹಾಗೇ ಪಟ್ಟೆ ಪಟ್ಟೆಯಾಗಿ ಬರುತ್ತದೆಯೇ? ಮೆಟಾಲಿಕ್ ಇರುವುದೇ ಹಾಗಾದರೆ ನನ್ನದೇನೂ ತಕರಾರಿಲ್ಲ.

ರಜೆ ಮುಗಿಯಲು ಇಪ್ಪತ್ತು ದಿನ ಉಳಿದಿದೆ. ಬೇಗ ಶುರು ಮಾಡು.

ಸುಗಂಧಾ


ಶೆಟಗೇರಿ
೧೦ ಮೇ ೨೦೨೫

ಸುಗಂಧಾಗೆ,

ತಗಡು ಚಿಕ್ಕದು. ಬಣ್ಣ ಸಿಂಪಡಿಸುವ ಗನ್ ಆಡಿಸುವುದಕ್ಕೆ ಜಾಗ ಸಿಗಲಿಲ್ಲ. ಮೇಲಾಗಿ ಈ ಸೆಕೆಗೆ ಬಣ್ಣಕ್ಕೆ ಬೆರೆಸಿದ ಥಿನ್ನರ್ ಬೇಗ ಹಾರಿಹೋಗುತ್ತದೆ, ಪಟ್ಟೆ ಬಿದ್ದೇ ಬೀಳುತ್ತದೆ. ಮೆಟಾಲಿಕ್ ಬೇಡ ಎಂದು ನಾನು ಹೇಳಿದ್ದು ಅದಕ್ಕೇ. ಸಾಲಿಡ್ ತಗಡಿನಲ್ಲಿ ಒಂದು ಪಟ್ಟೆ ತೋರಿಸು ನೋಡೋಣ.

ಬಣ್ಣದ ಕೆಳಗಿನ ಪ್ರೈಮರ್ ಹಾಕಿ ಮುಗಿದಿದೆ. ಗಾಡಿ ಬೂದು ಬಣ್ಣದಲ್ಲಿ ನಿಂತಿದೆ. ಬೇರೆ ಇಬ್ಬರು ಗಿರಾಕಿಗಳನ್ನು ವಾಪಸು ಕಳಿಸಿದ್ದೇನೆ. ಸಾಲಿಡ್ ಎಂದು ಒಂದು ಸಾಲು ಬರೆದು ಕಳಿಸು, ನಾಲ್ಕು ದಿನದಲ್ಲಿ ಮುಗಿಸಿ ಕೊಡುತ್ತೇನೆ.

ನಾಗು


ಮಾಜಾಳಿ
೧೪ ಮೇ ೨೦೨೫

ಪ್ರೀತಿಯ ಅಣ್ಣನಿಗೆ,

ನೀನು ಹೇಳಿದ್ದೇ ಸರಿ. ಸಾಲಿಡ್ಡೇ ಹೊಡೆ. ಯೋಚಿಸಿ ನೋಡಿದೆ, ಮೊದಲಿದ್ದ ಬಣ್ಣವೇ ಇರಲಿ ಎಂದು ಇವರೂ ಹೇಳಿದರು. ಅವಸರ ಮಾಡಬೇಡ, ನಿನಗೆ ಆದಾಗ ಆಗಲಿ.

ಕಾರವಾರಕ್ಕೆ ಹೋದಾಗ ತಗಡನ್ನು ಒಬ್ಬರಿಗೆ ತೋರಿಸಿದ್ದೆ. ಕೆಲಸ ಚೆನ್ನಾಗಿದೆ ಎಂದರು.

ಆಶಿಷನ ಕೈಯಲ್ಲಿ ಶರಬತ್ತಿಗೆ ಮುರುಗಲು ಸಿಪ್ಪೆ ಕಳಿಸಿದ್ದೇನೆ, ಭಾರತಿ ಅತ್ತಿಗೆಗೆ ಕೊಡು. ನಿನ್ನ ಆರೋಗ್ಯ ಹೇಗಿದೆ? ಕೈಕಾಲು ಎಲ್ಲ ಸರಿ ಇವೆಯೇ? ಬಿಸಿಲಿನಲ್ಲಿ ಬಹಳ ಹೊತ್ತು ನಿಲ್ಲಬೇಡ.

ನಿನ್ನ ಪ್ರೀತಿಯ ತಂಗಿ
ಸುಗಂಧಾ


ಶೆಟಗೇರಿ
೧೬ ಮೇ ೨೦೨೫

ಸುಗಂಧಾ,

ಯಾರಿಗೆ ತೋರಿಸಿದೆ? ಹೆಸರು ಹೇಳು.

ನೀನು ಹೇಳುವುದು ಬೇಡ, ನನಗೆ ಗೊತ್ತು. ನೀನು ಅಮಿತನ ಗ್ಯಾರೇಜಿಗೆ ಹೋಗಿದ್ದೆ. ಅವನು ಹನ್ನೆರಡು ವರ್ಷ ನನ್ನ ಹತ್ತಿರ ಕೆಲಸ ಕಲಿತು, ಈಗ ಕಾರವಾರದಲ್ಲಿ ಬೋರ್ಡು ಹಾಕಿಕೊಂಡು ಕುಳಿತವನು. ಪುಟ್ಟಿ ಕಲೆಸುವುದನ್ನೂ ಅವನಿಗೆ ಹೇಳಿಕೊಟ್ಟವನು ನಾನು. ನನ್ನ ತಗಡನ್ನು ತೆಗೆದುಕೊಂಡು ಹೋಗಿ ಅವನ ಮುಂದೆ ಇಟ್ಟೆಯಾ? ಉತ್ತರಪತ್ರಿಕೆ ತೆಗೆದುಕೊಂಡು ಹೋದ ಹಾಗೆ?

ಕೈಕಾಲು ಸರಿ ಇವೆಯೇ ಎಂದು ಕೇಳಿದ್ದೀ. ಹುಟ್ಟಿದಂದಿನಿಂದ ಇಂದಿನವರೆಗೆ ನೀನು ಹಾಗೆ ಕೇಳಿದವಳಲ್ಲ. ಹದಿನೈದು ದಿನ ಮೆಟಾಲಿಕ್ ಮೆಟಾಲಿಕ್ ಎಂದು ಹಟ ಮಾಡಿದವಳು ಒಂದೇ ದಿನದಲ್ಲಿ ಮುರುಗಲು ಸಿಪ್ಪೆ ಕಳಿಸುತ್ತೀ. ಅವನು ಏನೇನು ಹೇಳಿದ ಎಂದು ನನಗೆ ಬರೆಯುವ ಧೈರ್ಯವಿಲ್ಲ, ಸಾಲಿಡ್ಡೇ ಇರಲಿ ಎಂದು ದಾನ ಮಾಡುತ್ತಿದ್ದೀ. ನಿನ್ನ ದಾನ ನನಗೆ ಬೇಡ.

ಮೆಟಾಲಿಕ್ಕೇ ಹೊಡೆಯುತ್ತೇನೆ. ೨೮ನೇ ತಾರೀಕು ಬಂದು ತೆಗೆದುಕೊಂಡು ಹೋಗು.

ನಾಗು


ಮಾಜಾಳಿ
೩೧ ಮೇ ೨೦೨೫

ಅಣ್ಣಾ,

ನೀನೇ ಹೇಳಿದ ೨೮ನೇ ತಾರೀಕಿಗೆ ಬಂದೆ. ಗ್ಯಾರೇಜಿಗೆ ಬೀಗ. ನೀನು ಕುಮಟೆಗೆ ಹೋಗಿದ್ದೀ ಎಂದು ಅತ್ತಿಗೆ ಹೇಳಿದಳು, ಹೇಳುವಾಗ ನನ್ನ ಮುಖ ನೋಡಲಿಲ್ಲ. ಹೊರಗೆ ಅಂಗಳದಲ್ಲಿ ಗಾಡಿಯ ಮೇಲೆ ತಾಡಪತ್ರಿ ಕಟ್ಟಿತ್ತು. ಬಿಚ್ಚಿ ನೋಡಲು ಹೋದರೆ ಬೇಡವೇ ಬೇಡ ಎಂದು ಕೈ ಹಿಡಿದಳು. "ಬೆಳಿಗ್ಗಿಂದ ಅನ್ನ ನೀರಿಲ್ಲ, ಬರೀ ಅದ್ನೇ ಉಜ್ಜೂದು. ನಾ ಎಂತ ಹೇಳೂಕೂ ಹೆದ್ರಿಕೆ ಆಗ್ತದೆ ಮಾರಾಯ್ತಿ" ಎಂದಳು. ಹೊಡೆಯುವ ಬಣ್ಣವನ್ನು ಉಜ್ಜುವುದು ಏಕೆ?

ಈ ವರ್ಷ ಮಳೆ ಮೇ ತಿಂಗಳಲ್ಲೇ ಹಿಡಿದಿದೆ. ಮೊನ್ನೆ ಶಾಲೆಯ ಮೊದಲ ದಿನ ಕಾರವಾರದಲ್ಲಿ ಎರಡನೇ ಬಸ್ಸು ತಪ್ಪಿತು. ಮೊಣಕಾಲವರೆಗೆ ಒದ್ದೆಯಾಗಿ ಹೋಗಿ ನಿಂತೆ. ಮುಖ್ಯೋಪಾಧ್ಯಾಯಿನಿ ರೂಪಾ ನನಗಿಂತ ಎಂಟು ವರ್ಷ ಚಿಕ್ಕವಳು. ಗಡಿಯಾರ ನೋಡಿ, "ಸುಗಂಧಾ ಟೀಚರ್, ಪ್ರಾರ್ಥನೆ ಮುಗ್ದು ಹತ್ತು ನಿಮಿಷ ಆಯ್ತಲಾ. ಈ ವರ್ಷ ಗಾಡಿ ತಕಂಡು ಬತ್ತೆ ಹೇಳಿದ್ರಿ" ಎಂದಳು. ಮಕ್ಕಳು ನಕ್ಕವು. ಇಡೀ ಶಾಲೆಗೆ ಹೇಳಿಕೊಂಡು ತಿರುಗಿದ್ದು ನನ್ನದೇ ತಪ್ಪು.

ಅಣ್ಣಾ, ನಾನು ಯಾವ ಬಣ್ಣ ಕೇಳಿದೆ ಎಂಬುದೂ ಈಗ ನನಗೆ ನೆನಪಿಲ್ಲ. ಬೂದು ಪ್ರೈಮರಿನಲ್ಲೇ ಕೊಟ್ಟರೂ ತೆಗೆದುಕೊಂಡು ಹೋಗುತ್ತೇನೆ. ಒಂದು ತಾರೀಕು ಹೇಳು.

ಸುಗಂಧಾ


ಮಾಜಾಳಿ
೯ ಜೂನ್ ೨೦೨೫

ಅಣ್ಣಾ,

ಒಂಬತ್ತು ದಿನವಾಯಿತು, ಉತ್ತರವಿಲ್ಲ. ದಿನಾ ಸಂಜೆ ಆಶಿಷನ ಮುಖ ನೋಡುತ್ತೇನೆ, ಅವನು ತಲೆ ಅಲ್ಲಾಡಿಸಿ ಹೋಗುತ್ತಾನೆ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಧೂಳು, ಚೆಂದ ಎಂದು ನಾನು ಬರೆದದ್ದೆಲ್ಲ ಸುಳ್ಳು. ನನಗೆ ಲೈಸೆನ್ಸ್ ಬಂದ ದಿನ ಇವರು ಊಟಕ್ಕೆ ಕುಳಿತವರು, "ಓಡ್ಸು, ನಾ ಬೇಡ ಹೇಳೂದಿಲ್ಲ. ಆದ್ರೆ ಒಂದು ಗೀರು ಕಂಡ ದಿವ್ಸ ಗಾಡಿ ಮಾರೂದೇ. ಆಮೇಲೆ ಅಳೂಕೆ ಬರ್ಬೇಡ" ಎಂದರು. ತಮಾಷೆಗೆ ಹೇಳಿದ್ದಲ್ಲ. ಭಾನುವಾರ ತೊಳೆಯುವಾಗ ಅವರು ಬೆರಳು ಆಡಿಸಿ ನೋಡುತ್ತಾರೆ. ನಾನು ಹೊಸಬಳು, ಎಲ್ಲಾದರೂ ತಾಗಿಸಿಯೇ ತಾಗಿಸುತ್ತೇನೆ. ಅದಕ್ಕೇ ಗೀರು ಕಾಣದ ಬಣ್ಣ ಕೇಳಿದೆ. ನಿನಗೆ ಹೇಳಿದರೆ ನೀನು ಬಂದು ಅವರ ಜತೆ ಜಗಳಕ್ಕೆ ನಿಲ್ಲುತ್ತೀ ಎಂದು ಹೇಳಲಿಲ್ಲ. ಇಷ್ಟೇ ವಿಷಯ.

ಇನ್ನಾದರೂ ಬಾಯಿ ಬಿಡು.

ಸುಗಂಧಾ


ಶೆಟಗೇರಿ
೧೨ ಜೂನ್ ೨೦೨೫

ಸುಗಂಧಾ,

ನಿನ್ನ ಕಾಗದ ಓದಿ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಇದನ್ನು ಏಪ್ರಿಲ್ ತಿಂಗಳಲ್ಲಿ ಹೇಳಲು ಏನಾಗಿತ್ತು ನಿನಗೆ? ಮಕ್ಕಳಿಗೆ ದಿನಾ ನಿಜ ಹೇಳಿ ಎಂದು ಕಲಿಸುವವಳು ನೀನು!

ಮೆಟಾಲಿಕ್‌ನಲ್ಲಿ ಗೀರು ಕಾಣುವುದಿಲ್ಲ ಎಂದ ನಿನ್ನ ಮನಿಷಾಳಿಗೆ ಅರ್ಧ ಗೊತ್ತು. ಬಟ್ಟೆ ಒರೆಸಿದ ಗೆರೆ ಕಾಣುವುದಿಲ್ಲ, ಅಷ್ಟೇ. ಗೋಡೆಗೆ ತಾಗಿಸಿದರೆ ಗೀರು ಬೆಳ್ಳಗೆ ಎದ್ದು ಕಾಣುತ್ತದೆ. ಅದನ್ನು ಉಜ್ಜಿ ತೆಗೆಯಲು ಬರುವುದಿಲ್ಲ, ಮೇಲಿನ ಕ್ಲಿಯರ್ ಹೋದರೆ ಒಳಗಿನ ಪುಡಿಯ ಹೊಳಪು ಸತ್ತುಹೋಗುತ್ತದೆ. ಇಡೀ ಬಾಗಿಲಿಗೇ ಮತ್ತೆ ಹೊಡೆಯಬೇಕು. ಐದು ದಿನ ಗಾಡಿ ನನ್ನಲ್ಲಿ ಬಿಟ್ಟರೆ ಭಾವನಿಗೆ ಗೊತ್ತಾಗದೆ ಇರುತ್ತದೆಯೇ? ಸಾಲಿಡ್‌ನಲ್ಲಿ ಗೀರು ಬಿದ್ದರೆ ನೀರುಕಾಗದ, ಅಂದರೆ ನೀರಿನಲ್ಲಿ ಅದ್ದಿದ ನಯ ಮರಳುಕಾಗದ, ಹಾಕಿ ಒಮ್ಮೆ ಉಜ್ಜಿ, ಹೊಳಪಿನ ಕಂಪೌಂಡ್ ಪೇಸ್ಟು ಹಚ್ಚಿ ಒಮ್ಮೆ ಉಜ್ಜಿದರೆ ಅರ್ಧ ಗಂಟೆಯ ಕೆಲಸ. ಎಲ್ಲಿತ್ತು ಎಂದು ನನಗೇ ತಿಳಿಯುವುದಿಲ್ಲ. ನಿನ್ನ ಕಷ್ಟಕ್ಕೆ ಬೇಕಾಗಿದ್ದದ್ದು ಸಾಲಿಡ್. ನೀನು ಹೇಳಿದ್ದರೆ ಒಂದೇ ಕಾಗದದಲ್ಲಿ ಮುಗಿಯುತ್ತಿತ್ತು.

ಈಗ ನನ್ನದು ಕೇಳು.

ದೀಪಾವಳಿ ಕಳೆದ ಮೇಲೆ ಬಲಗೈ ನಡುಗಲು ಶುರುವಾಗಿದೆ. ಚಹಾದ ಲೋಟ ಹಿಡಿದರೆ ಚೆಲ್ಲಿ ಕೆಳಗಿನ ತಟ್ಟೆ ತುಂಬುತ್ತದೆ. ಸಾಲಿಡ್ ಹೊಡೆಯುವಾಗ ಕೈ ಸ್ವಲ್ಪ ತಪ್ಪಿದರೂ ಒಣಗಿದ ಮೇಲೆ ಉಜ್ಜಿ ಸರಿ ಮಾಡಬಹುದು. ಮೆಟಾಲಿಕ್ ಹಾಗಲ್ಲ, ಗನ್ನು ಒಂದೇ ದೂರದಲ್ಲಿ ಒಂದೇ ವೇಗದಲ್ಲಿ ಹೋಗಬೇಕು. ಕೈ ಒಂದು ಬೆರಳಷ್ಟು ಹತ್ತಿರ ಹೋದರೆ ಅಲ್ಲಿ ಪಟ್ಟೆ. ನಾನು ಸಾಲಿಡ್ ಎಂದು ಹಟ ಹಿಡಿದದ್ದು ಇದೇ ಕಾರಣಕ್ಕೆ. ಸಮುದ್ರದ ಗಾಳಿ, ಥಿನ್ನರ್ ಎಂದೆಲ್ಲ ಬರೆದದ್ದು ಬಾಯಿಮಾತಿಗೆ.

ನಿನ್ನ ಮೇಲಿನ ಸಿಟ್ಟಿಗೆ ಮೆಟಾಲಿಕ್ ಹೊಡೆದೆ. ಮೂರು ಸಲ ಹೊಡೆದೆ. ಮೂರು ಸಲವೂ ಬಾನೆಟ್ ಮೇಲೆ ಪಟ್ಟೆ ಎದ್ದಿತು, ಮೂರು ಸಲವೂ ಕೆರೆದು ತೆಗೆದೆ. ನೀನು ಬಂದ ದಿನ ನಾನು ಕುಮಟೆಗೆ ಹೋಗಿರಲಿಲ್ಲ. ಒಳಗೆ ಕುಳಿತಿದ್ದೆ. ನೀನು ತಾಡಪತ್ರಿಗೆ ಕೈ ಹಾಕಿದ್ದು ಕಿಟಕಿಯಿಂದ ಕಾಣುತ್ತಿತ್ತು. ಎದ್ದು ಬರಲು ನಾಚಿಕೆಯಾಯಿತು.

ಅಮಿತ ಏನು ಹೇಳಿದ? ಇದ್ದದ್ದು ಇದ್ದ ಹಾಗೆ ಬರೆ.

ನಾಗು


ಮಾಜಾಳಿ
೧೪ ಜೂನ್ ೨೦೨೫

ಅಣ್ಣಾ,

ಅಮಿತ ತಗಡನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, "ಅಕ್ಕೋರೆ, ಇದು ಬಣ್ಣದ ತಪ್ಪಲ್ಲ. ಗನ್ ಹಿಡ್ದ ಕೈ ನಡುಗ್ತದೆ. ಯಾರು ಹೊಡ್ದದ್ದು ಇದು?" ಎಂದ. ನಾನು ಹೇಳಲಿಲ್ಲ. ಅವನು ತಗಡು ತಿರುಗಿಸಿ ತೂತುಗಳನ್ನು ನೋಡಿದ. ನೀನು ಹಾಗೆ ತೂತು ಕೊರೆದು ಗುರುತು ಹಾಕುವುದು ಅವನಿಗೆ ಗೊತ್ತಲ್ಲ. ಆಮೇಲೆ ತಗಡನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟ. ನಾನು ಹೊರಡುವಾಗ, "ಸಾಲಿಡ್ ಹೊಡೀಲಿ ಹೇಳಿ. ಸಾಲಿಡ್‌ನಲ್ಲಿ ಅವ್ರ ಹಾಗೆ ಹೊಡ್ಯೂಕೆ ನಂಗೆ ಇವತ್ತಿಗೂ ಬರೂದಿಲ್ಲ" ಎಂದ. ಇಷ್ಟೇ. ಈ ಕೊನೆಯ ಮಾತನ್ನು ನಾನು ಆಗಲೇ ಬರೆಯಬೇಕಿತ್ತು.

ಒಳಗೆ ಕುಳಿತು ನನ್ನನ್ನು ಬಸ್ಸಿಗೆ ಕಳಿಸಿದೆಯಲ್ಲ, ಅದಕ್ಕೆ ಮಾತ್ರ ನನಗೆ ಇನ್ನೂ ಸಿಟ್ಟಿದೆ. ಅವತ್ತು ಕೊಡೆ ಕೂಡ ಇರಲಿಲ್ಲ.

ಸಾಲಿಡ್ ಹೊಡೆ. ಮಳೆ ಬಿಡುವು ಕೊಟ್ಟಾಗ ಹೊಡೆ. ಯಾವಾಗ ಎಂದು ಹೇಳು, ರಜೆ ಹಾಕಿ ಬರುತ್ತೇನೆ.

ಸುಗಂಧಾ


ಶೆಟಗೇರಿ
೨೬ ಜೂನ್ ೨೦೨೫, ಸಂಜೆ ನಾಲ್ಕು ಗಂಟೆ

ಸುಗಂಧಾ,

ನೀನು ಗಾಡಿ ತೆಗೆದುಕೊಂಡು ಹೊರಟು ಒಂದು ಗಂಟೆಯಾಯಿತು. ಆಶಿಷನ ಬಸ್ಸು ಐದಕ್ಕೆ ಬರುತ್ತದೆ, ಅಷ್ಟರಲ್ಲಿ ಬರೆದು ಮುಗಿಸಬೇಕು.

ನೀನು ಬಂದ ಕೂಡಲೇ ಗಾಡಿಯ ಹತ್ತಿರ ಹೋದೆ. ಸುತ್ತ ಒಂದು ಸಲ ತಿರುಗಿ ಬಂದು, ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಕೂದಲು ಸರಿ ಮಾಡಿಕೊಂಡೆ. ನನಗೆ ಅಷ್ಟು ಸಾಕು.

ಈಗ ಹೇಳಬೇಕಾದದ್ದು. ನೀನು ಹಿಂದಕ್ಕೆ ತೆಗೆಯುವಾಗ ನಮ್ಮ ಗೇಟಿನ ಚೀರೆಕಲ್ಲಿನ ಕಂಬಕ್ಕೆ ಗಾಡಿ ತಾಗಿತು. ಹಿಂದಿನ ಎಡ ಚಕ್ರದ ಮೇಲೆ, ಒಂದು ಗೇಣು ಉದ್ದ. ನನಗೆ ಸದ್ದು ಕೇಳಿಸಲಿಲ್ಲ, ಆದರೆ ಕಂಬದಿಂದ ಕೆಂಪು ಪುಡಿ ಉದುರಿದ್ದು ಕಂಡಿತು. ಕೂಗಲು ಬಾಯಿ ತೆರೆದೆ. ಕೂಗಿದ್ದರೆ ನೀನು ನಿಲ್ಲಿಸುತ್ತಿದ್ದೆ. ನಿಲ್ಲಿಸಿದ್ದರೆ ಇಳಿದು ನೋಡುತ್ತಿದ್ದೆ. ನೋಡಿದ್ದರೆ ಕೀಲಿ ನನ್ನ ಕೈಗೆ ಕೊಟ್ಟು ಬಸ್ಸು ಹತ್ತಿ ಹೋಗುತ್ತಿದ್ದೆ, ಮತ್ತೆ ಆ ಸೀಟಿನಲ್ಲಿ ಕೂರುತ್ತಿರಲಿಲ್ಲ. ನೀನು ಹುಟ್ಟಿದಂದಿನಿಂದ ನಿನ್ನನ್ನು ನಾನು ಬಲ್ಲೆ. ಬಾಯಿ ಮುಚ್ಚಿಕೊಂಡು ನಿಂತೆ. ನೀನು ಹೆದ್ದಾರಿ ಹತ್ತಿದ್ದು ನೋಡಿ ಒಳಗೆ ಬಂದೆ.

ಹೆದರಬೇಡ. ಭಾವನಿಗೆ ಈ ವಾರ ಎರಡನೇ ಪಾಳಿ, ಮನೆಗೆ ಬರುವುದು ರಾತ್ರಿ ತಡವಾಗಿ ಎಂದು ನೀನೇ ಹೇಳಿದ್ದೀ. ಗಾಡಿಯ ಎಡಮೈ ಗೋಡೆಯ ಕಡೆಗೆ ಬರುವಂತೆ ನಿಲ್ಲಿಸು. ಬೆಳಿಗ್ಗೆ ಅವನು ಏಳುವ ಮೊದಲು ಶಾಲೆಗೆ ಹೊರಟುಬಿಡು. ನಾಳೆ ಹನ್ನೊಂದರ ಬಸ್ಸಿಗೆ ನಾನು ನೀರುಕಾಗದ, ಕಂಪೌಂಡ್ ತೆಗೆದುಕೊಂಡು ನಿನ್ನ ಶಾಲೆಗೆ ಬರುತ್ತೇನೆ. ಊಟದ ಬಿಡುವಿನಲ್ಲಿ ಉಜ್ಜಿ ಮುಗಿಸುತ್ತೇನೆ. ಉಜ್ಜುವ ಕೆಲಸಕ್ಕೆ ನಡುಗುವ ಕೈಯೂ ಆಗುತ್ತದೆ. ಬೇರೆ ಯಾರ ಕೈಗೂ ಕೊಡಬೇಡ.

ನಾಗು


ಅಮದಳ್ಳಿ ಶಾಲೆ
೨೭ ಜೂನ್ ೨೦೨೫, ಬೆಳಿಗ್ಗೆ ಒಂಬತ್ತೂಕಾಲು

ಅಣ್ಣಾ,

ಆಶಿಷನ ಬಸ್ಸು ಅಂಕೋಲೆ ಕಡೆಗೆ ಹೋಗುವಾಗ ಒಂಬತ್ತೂವರೆಗೆ ಇಲ್ಲಿ ನಿಲ್ಲುತ್ತದೆ. ನೀನು ಬಸ್ಸು ಹತ್ತುವ ಮೊದಲು ಈ ಕಾಗದ ನಿನ್ನ ಕೈ ಸೇರಬೇಕು.

ಸದ್ದು ನನಗೂ ಕೇಳಿಸಿತ್ತು. ಕನ್ನಡಿಯಲ್ಲಿ ನೀನು ಬಾಯಿ ತೆರೆದು ನಿಂತದ್ದೂ ಕಂಡಿತ್ತು. ನಿಲ್ಲಿಸಿದರೆ ಅಲ್ಲಿಗೇ ಮುಗಿಯುತ್ತದೆ ಎಂದು ನನಗೂ ಗೊತ್ತಿತ್ತು, ಅದಕ್ಕೇ ನಿಲ್ಲಿಸಲಿಲ್ಲ. ಮಾಜಾಳಿಯವರೆಗೂ ಅಳು ಬರುತ್ತಿದ್ದರೂ ಕಣ್ಣು ಒರೆಸಿಕೊಳ್ಳಲು ಸ್ಟೇರಿಂಗ್ ಬಿಡುವ ಧೈರ್ಯವಿರಲಿಲ್ಲ.

ನಿನ್ನ ಕಾಗದ ಬಂದ ಮೇಲೆ ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಲು ಅಂಗಳಕ್ಕೆ ಇಳಿದೆ. ಇಳಿದವಳಿಗೆ ಸಿಟ್ಟು ಬಂತು. ಎರಡು ತಿಂಗಳು ನಾವಿಬ್ಬರೂ ಮಾಡಿದ್ದು ಇದನ್ನೇ ತಾನೇ? ನಾನು ಗೀರು ಬಚ್ಚಿಡಲು ಬಣ್ಣ ಹುಡುಕಿದೆ, ನೀನು ಕೈ ಬಚ್ಚಿಡಲು ಕಾರಣ ಹುಡುಕಿದೆ. ಇನ್ನು ದಿನಾ ಬೆಳಿಗ್ಗೆ ಗಾಡಿಯ ಯಾವ ಮಗ್ಗುಲು ಗೋಡೆಗೆ ಇಡಲಿ ಎಂದು ಲೆಕ್ಕ ಹಾಕುತ್ತಾ ಬದುಕಬೇಕೇ? ಗಾಡಿಯನ್ನು ಇದ್ದಲ್ಲೇ ಬಿಟ್ಟು ಒಳಗೆ ಹೋದೆ.

ಬೆಳಿಗ್ಗೆ ಏಳು ಗಂಟೆಗೆ ಇವರಿಗೆ ಚಹಾ ಕೊಟ್ಟು, "ಬನ್ನಿ, ಒಂದು ತೋರ್ಸೂದಿದೆ" ಎಂದು ಅಂಗಳಕ್ಕೆ ಕರೆದೆ. ಚಕ್ರದ ಹತ್ತಿರ ಕುಕ್ಕುರುಗಾಲಲ್ಲಿ ಕುಳಿತು ಗೀರಿನ ಮೇಲೆ ಬೆರಳು ಆಡಿಸಿದರು. ಚೀರೆಕಲ್ಲಿನ ಪುಡಿ ಬೆರಳಿಗೆ ಹತ್ತಿತು, ಲುಂಗಿಗೆ ಒರೆಸಿಕೊಂಡರು.

"ಹೇಳಿದ್ನಲಾ ನಾನು" ಎಂದರು.

"ಹೇಳಿದ್ರಿ."

"ಮಾರೂದೇ ಈಗೆ."

"ಮಾರಿ. ಸಂಜೆ ನಾ ಶಾಲೆಯಿಂದ ತಂದು ನಿಲ್ಸಿದ ಮೇಲೆ ಮಾರಿ. ಎಂಟೂಕಾಲಿಗೆ ನಾ ಹೊರಡ್ಬೇಕು" ಎಂದು ಹೇಳಿ ಸ್ನಾನಕ್ಕೆ ಹೋದೆ. ಹೊರಡುವಾಗ ಅವರೇ ಗೇಟು ತೆಗೆಯಲು ಬಂದರು. ನಾನು ಹಿಂದಕ್ಕೆ ತೆಗೆಯುವಾಗ, "ಬಾ, ಬಾ, ಎಡಕ್ಕೆ ಜಾಗ ಉಂಟು, ಹೆದ್ರೂದೆಂತಕೆ" ಎಂದು ಕೈ ಬೀಸಿದರು. ಇವತ್ತು ಪ್ರಾರ್ಥನೆಗೆ ಇಪ್ಪತ್ತು ನಿಮಿಷ ಮೊದಲೇ ಬಂದಿದ್ದೇನೆ. ರೂಪಾ ಇನ್ನೂ ಬಂದಿಲ್ಲ.

ಮಾರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ನೀನು ಹನ್ನೊಂದರ ಬಸ್ಸಿಗೆ ಬಾ, ನಿನ್ನ ಪಾಲಿನ ಊಟ ಅತ್ತಿಗೆಯ ಕೈಯಲ್ಲಿ ಕಟ್ಟಿಸಿಕೊಂಡು ಬಾ. ಶಾಲೆ ಬಿಟ್ಟ ಮೇಲೆ ನಾನೇ ನಿನ್ನನ್ನು ಕಾರವಾರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಕೈ ತೋರಿಸಬೇಕು. ಇಲ್ಲ ಎನ್ನಬೇಡ.

ನೀರುಕಾಗದ, ಕಂಪೌಂಡ್ ಮಾತ್ರ ಮನೆಯಲ್ಲೇ ಬಿಟ್ಟು ಬಾ. ಆ ಗೀರು ಒಂದು ತಿಂಗಳು ಹಾಗೇ ಇರಲಿ. ಪ್ರತಿ ಭಾನುವಾರ ಅವರು ತೊಳೆಯಲಿ, ತೊಳೆದು ನೋಡಲಿ. ದಿನಾ ನೋಡಿಯೂ ಗಾಡಿ ನಮ್ಮ ಅಂಗಳದಲ್ಲೇ ಉಳಿದರೆ ಆಮೇಲೆ ನೀನು ಬಂದು ಉಜ್ಜು.

ಸುಗಂಧಾ